ಹೀಟರಿನ ತಣ್ಣನೆ ಗಾಳಿ

ಕಳೆದ ವಾರ ಬೆಳಗ್ಗೆ ಅಕ್ಕನನ್ನು ಕಲಘಟಗಿಯಿಂದ ಹುಬ್ಬಳ್ಳಿಯ ಡಾಕ್ಟರರ ಬಳಿ ಕರೆದೊಯ್ಯುತ್ತಿದ್ದೆ. ಹೊರಗೆ ದಟ್ಟ ಮಂಜು. ಅಕ್ಕನಿಗೆ ಮೊದಲಿನಿಂದಲೂ ದಮ್ಮಿನ ಕಾಟ, ಥಂಡಿ ತಾಕಿದರೆ ಕೆಮ್ಮು ಬಿಡದು. ಅವಳು ಕಾರಿನ ಹೀಟರಿನ ಮುಂದೆ ಅಂಗೈ ಹಿಡಿದು, "ಇದ್ರಕಿಂತ ಕಿಡಕಿ ತಗದ್ರ ಛಲೋ ಇತ್ತಲ್ಲೋ" ಎಂದಳು. ಗುಂಡಿಯನ್ನು ಕೆಂಪು ಗೆರೆಯ ತುದಿಯವರೆಗೆ ತಿರುಗಿಸಿದೆ. ಫ್ಯಾನು ಗುರ್ರೆಂದಿತು, ಗಾಳಿ ತಣ್ಣಗೇ ಬಂತು. "ಹಳೇ ಗಾಡಿ ಅಲ್ಲೇನವಾ" ಎಂದು ತೇಲಿಸಿದೆ. ಹೀಗೆ ತೇಲಿಸುತ್ತ ಎಂಟು ವರ್ಷವಾಯಿತು, ನೋಡಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದವನು. ನಮ್ಮಂಥ ಮಾಸ್ತರರಿಗೆ ಒಂದು ರೋಗವಿರುತ್ತದೆ. ಸಂತೆಯಲ್ಲೂ ಚಾದಂಗಡಿಯಲ್ಲೂ ಎದುರಿಗಿದ್ದವರೆಲ್ಲ ಹತ್ತನೇ ಇಯತ್ತೆಯ ಹುಡುಗರಂತೆ ಕಾಣುತ್ತಾರೆ. ನನಗದು ತುಸು ಜೋರಾಗಿಯೇ ಇತ್ತು.

ಎಂಟು ವರ್ಷದ ಹಿಂದೆ ಮಿಶ್ರಿಕೋಟಿ ಕ್ರಾಸಿನಲ್ಲಿ ಹನುಮಂತಪ್ಪನ ಗ್ಯಾರೇಜಿತ್ತು. ಕುರಿ ಸಾಕುವ ಮನೆತನದವನು, ತಾನೊಬ್ಬನೇ ನಟ್ಟು ತಿರುಗಿಸುವ ಪಾನಾ ಹಿಡಿದು ಮೆಕ್ಯಾನಿಕ್ ಆಗಿದ್ದ. ಒಂದು ಬೇಸಿಗೆ ಗುಡಗೇರಿಯ ಮದುವೆಗೆ ಹೊರಟಾಗ ಅವನ ಗ್ಯಾರೇಜಿನ ಹತ್ತಿರವೇ ನನ್ನ ಕಾರು ಕುದಿಯಿತು. ಎಂಜಿನ್ನಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಅದು ಮುಚ್ಚಿಕೊಂಡೇ ಜಾಮಾಗಿತ್ತು. ನಮ್ಮ ಕಡೆ ಬಿಸಿಲಿಗೆ ಹೆದರಿ ಈ ವಾಲ್ವನ್ನೇ ತೆಗೆಸಿಬಿಡುವುದು ರೂಢಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿದಷ್ಟು ಸಲೀಸಾಗಿ.

"ಹೊಸಾದು ಹುಬ್ಬಳ್ಳಿಯಿಂದ ತರಸ್ಬೇಕ್ರಿ ಸರ. ನಾಳಿ ತನಕ ಗಾಡಿ ಬಿಡ್ರಿ" ಎಂದ ಹನುಮಂತಪ್ಪ.

"ಅಕ್ಷತಾ ಬೀಳೂ ಹೊತ್ತಾತು. ಅದನ್ನ ತಗದ ಒಗಿ ಅತ್ಲಾಗ."

"ತಗದ್ರ ಥಂಡ್ಯಾಗ ಎಂಜಿನ್ ಬಿಸಿ ಹಿಡಿಯಂಗಿಲ್ರಿ. ಹೀಟರ್ ಕೆಲಸಾ ಮಾಡಂಗಿಲ್ಲ."

"ನಮ್ಮ ಕಡಿ ಹೀಟರ್ ಯಾವಂಗ ಬೇಕೋ?"

ತೆಗೆದ. ಮಳೆಗಾಲ ಮುಗಿಯುವುದರೊಳಗೆ ಹೊಸದು ಹಾಕಿಸಿರೆಂದು ಎರಡು ಸಲ ಹೇಳಿದ. ಮದುವೆಯ ಬುಂದೇ ಉಂಡ ಮೇಲೆ ನಾನದನ್ನು ಮರೆತೆ.

ಆ ಚಳಿಗಾಲ ಅಕ್ಕನಿಗೆ ದಮ್ಮು ಏರಿತು. ಬೆಳಗಿನ ಥಂಡಿಯಲ್ಲಿ ಕಾರು ಹತ್ತಿಸಿ ಹೀಟರ್ ಹಾಕಿದರೆ ಬಂದದ್ದು ಹಳ್ಳದ ಗಾಳಿ. ದಾರಿಯುದ್ದಕ್ಕೂ ಕೆಮ್ಮಿ ಅವಳ ತುಟಿ ನೀಲಿಯಾಯಿತು. ಅವಳನ್ನು ದವಾಖಾನೆಗೆ ಸೇರಿಸಿ ಮರಳುವಾಗ ನನ್ನ ಹೆದರಿಕೆಯೆಲ್ಲ ಸಿಟ್ಟಾಗಿತ್ತು. ಕ್ರಾಸಿನ ಚಾದಂಗಡಿಯಲ್ಲಿ ಹನುಮಂತಪ್ಪ ಬಶಿಗೆ ಚಹಾ ಸುರುವಿಕೊಳ್ಳುತ್ತಿದ್ದ.

"ಏನ್ ಕೆಡಿಸಿಟ್ಟೀಲೇ ನನ್ನ ಗಾಡಿ? ಪಾನಾ ಹಿಡಿಯಾಕ ಬರದಿದ್ರ ಕುರಿ ಕಾಯಾಕ ಹೋಗು!"

ಹತ್ತು ಮಂದಿ ಕೂತಿದ್ದರು. ನಿಜ ಹೇಳುತ್ತೇನೆ, ಆ ಮಾತು ಮುಗಿಯುವುದರೊಳಗೇ ವಾಲ್ವ್ ತೆಗೆಸಿದ್ದು ನಾನೇ ಎಂಬುದು ನೆನಪಾಗಿತ್ತು. ಆದರೂ ಬಾಯಿ ನಿಲ್ಲಲಿಲ್ಲ. ಅವನು ಒಂದು ಮಾತು ಆಡಿದ್ದರೆ ನನ್ನ ಮಾನ ಹೋಗುತ್ತಿತ್ತು. "ಆತ್ರಿ ಸರ" ಎಂದು ಬಶಿ ಕೆಳಗಿಟ್ಟು ಎದ್ದುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಸ್ತರ ಹೇಳಿದ್ದು ಸುಳ್ಳಿದ್ದೀತೇ ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಗ್ಯಾರೇಜು ಹಿಡಿದರು. ಎರಡು ವರ್ಷದಲ್ಲಿ ಅವನು ಬಾಗಿಲು ಹಾಕಿದ. ನಾನೋ, ಹೀಟರ್ ರಿಪೇರಿ ಮಾಡಿಸಲೇ ಇಲ್ಲ. ರಿಪೇರಿಗೆ ಬಿಚ್ಚಿದ ಮೆಕ್ಯಾನಿಕ್ ವಾಲ್ವನ್ನು ಯಾರು ತೆಗೆದರೆಂದು ಕೇಳಿಯೇ ಕೇಳುತ್ತಾನಲ್ಲ! ನನ್ನ ಪುಕ್ಕಲುತನಕ್ಕೆ ಅಕ್ಕ ಎಂಟು ಚಳಿಗಾಲ ಶಾಲು ಹೊದ್ದು ಕೂತಳು.

ಕಳೆದ ವಾರ ಅವಳ ಕೆಮ್ಮು ಕೇಳಲಾಗದೆ ಮರುದಿನವೇ ಕಲಘಟಗಿಯ ಮೆಕ್ಯಾನಿಕ್‌ಗೆ ತೋರಿಸಿದೆ. ನೀರು ನೋಡಿದ, ತುಂಬಿತ್ತು. ಹೀಟರಿಗೆ ಹೋಗುವ ಎರಡೂ ಪೈಪು ಮುಟ್ಟಿದ, ಎರಡೂ ಬರೀ ಉಗುರುಬೆಚ್ಚಗಿದ್ದವು. ಬಿಚ್ಚಿ ನೋಡಿ ನಕ್ಕ. "ಇದರಾಗ ವಾಲ್ವ ಇಲ್ರಿ! ಯಾವ ಶಾಣ್ಯಾ ತಗದಾನ್ರಿ?"

"ತಗಸಿದ್ದು ನಾನ" ಎಂದೆ. ಹೇಳುವುದು ಇಷ್ಟು ಸುಲಭವಿತ್ತೇ ಎಂದು ನಾಚಿಕೆಯಾಯಿತು.

ಹೊಸ ವಾಲ್ವ್ ಕೂತಿತು, ಬಿಸಿ ಗಾಳಿ ಬಂತು. ಅದೇ ಗಾಡಿಯಲ್ಲಿ ಮಿಶ್ರಿಕೋಟಿಗೆ ಹೋದೆ. ಹನುಮಂತಪ್ಪ ಅಂಗಳದಲ್ಲಿ ಅಣ್ಣನ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಅಂದು ನಾನು ಬೈದ ಹಾಗೆಯೇ ಅವನ ಬಾಳಾಗಿತ್ತು.

"ಬರ್ರಿ ಸರ, ಅಕ್ಕಾರು ಆರಾಮದಾರ?" ಎಂದ. ಎಲ್ಲ ಹೇಳಿ, ತಪ್ಪು ನನ್ನದೆಂದೆ. ಅವನು ಕತ್ತರಿ ನಿಲ್ಲಿಸದೆ ಕೇಳಿಸಿಕೊಂಡ.

"ನಿಮಗ ಅವತ್ತ ನೆನಪಾಗಿತ್ತಂತ ನನಗ ಗೊತ್ತಿತ್ರಿ. ನಿಮ್ಮ ಮಾರಿ ನೋಡೀನಲ್ಲ. ಆದ್ರ ಸರ, ಅವತ್ತ ಹತ್ತ ಮಂದಿ ಕೇಳಿದ್ರು. ಇವತ್ತ ಕೇಳಾಂವ ನಾ ಒಬ್ಬಾಂವ."

ಎದ್ದು ಬಂದು, ಅಂದು ಚಾದಂಗಡಿಯಲ್ಲಿ ಕೂತವರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ನಿನ್ನೆ ಅವರಲ್ಲೊಬ್ಬರ ಮನೆಗೆ ಹೋಗಿದ್ದೆ. ಹನುಮಂತಪ್ಪನ ಹೆಸರು ಎತ್ತಿದ್ದೇ ತಡ, "ಹಾಂ, ನಿಮ್ಮ ಗಾಡಿ ಕೆಡಿಸಿದಾಂವ ಅಲ್ರಿ?" ಎಂದರು.

"ಅಲ್ರಿ" ಎಂದು ಮೊದಲಿನಿಂದ ಹೇಳತೊಡಗಿದೆ. ಇನ್ನೂ ಒಂಬತ್ತು ಮನೆಗಳಿವೆ.