ಅರ್ಧ ಸಾರಿಸಿದ ನೆಲ

ಯಾರೋ ಬಾಗಿಲು ತಟ್ಟುತ್ತಾರೆ. ಎರಡೇ ಪೆಟ್ಟು. ಮೂರನೆಯದಿಲ್ಲ.

ಹೊರಗೆ ಇನ್ನೂ ಕತ್ತಲು. ಹುಲಿಗೆವ್ವ ಕೌದಿ ಸರಿಸಿ ಎದ್ದು, ಅಗುಳಿ ತೆಗೆದು ಇಣುಕುತ್ತಾರೆ. ಅಂಗಳದಲ್ಲಿ ಯಾರೂ ಇಲ್ಲ. ಬೇವಿನ ಮರ, ಅದರ ಕೆಳಗೆ ಶಾಲೆಯ ಮಕ್ಕಳು ಮಾಡಿ ಒಣಗಲಿಟ್ಟ ಮಣ್ಣಿನ ಎತ್ತುಗಳು, ಗೇಟಿನ ಬಳಿ ರಾತ್ರಿ ಕಾವಲಿನ ರಸೂಲಸಾಬರ ಗೊರಕೆ, ಎಲ್ಲವೂ ಎಂದಿನಂತೆಯೇ ಇವೆ. ಹೊಸ್ತಿಲ ಮುಂದೆ ಮಾತ್ರ ಅವರು ನೆಲ ಸಾರಿಸುವ ಬಕೆಟ್ ನಿಂತಿದೆ. ರಾತ್ರಿ ಅದನ್ನು ಹಿತ್ತಲ ನಳದ ಹತ್ತಿರ ಬಿಟ್ಟಿದ್ದರು. ಈಗ ಯಾರೋ ಅದನ್ನು ತಿಕ್ಕಿ ತೊಳೆದಿದ್ದಾರೆ. ಒಳಗೆ ಹಸಿರು ಅಂಚಿನ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ನಾಲ್ಕು ಖಡಕ್ ರೊಟ್ಟಿ, ಹಿಡಿಯಷ್ಟು ಶೇಂಗಾ ಹಿಂಡಿ.

ದೂರದಲ್ಲಿ ಇಂಡಿಗೆ ಹೋಗುವ ಮೊದಲ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಹುಲಿಗೆವ್ವ ಗಂಟನ್ನು ನೆಲುವಿನ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ಇಳಿಯುತ್ತಾರೆ.

ಸಿಂದಗಿಯ ಹೊರಗೆ, ಇಂಡಿ ರಸ್ತೆಯ ಪಕ್ಕದ ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಈಗ ಸಮುದಾಯ ಕಲಾಕೇಂದ್ರವಾಗಿದೆ. ಯಂತ್ರಗಳಿದ್ದ ಹಾಲಿನಲ್ಲಿ ಪ್ರದರ್ಶನ. ಗೋದಾಮಿನಲ್ಲಿ ಮಕ್ಕಳ ಶಿಬಿರ. ಗುಮಾಸ್ತರಿದ್ದ ಮೂರು ಕೋಣೆಗಳಲ್ಲಿ ತಿಂಗಳು ಎರಡು ತಿಂಗಳು ಇಲ್ಲೇ ಉಳಿದು ಕೆಲಸ ಮಾಡುವ ಕಲಾವಿದರು. ಹಿಂದಿನ ಸಣ್ಣ ಕೋಣೆಯಲ್ಲಿ ಹುಲಿಗೆವ್ವ. ಅವರಿಗೀಗ ಐವತ್ತಾರು. ಕೇಂದ್ರದ ಕರಪತ್ರದಲ್ಲಿ ಅವರ ಹೆಸರಿಲ್ಲ, ಅವರ ಹುದ್ದೆಗೂ ಒಂದು ಹೆಸರಿಲ್ಲ. ಕಸ ಹೊಡೆಯುವವರು ಅವರೇ. ಶಿಬಿರದ ಮಣ್ಣು ಸೋಸುವವರು, ಗೋಡೆಗೆ ಮೊಳೆ ಹೊಡೆಯುವವರು, ಚೌಕಟ್ಟು ತೂಗುಹಾಕುವವರು, ಕಲಾವಿದರಿಗೆ ಜ್ವರ ಬಂದರೆ ಗಂಜಿ ಕಾಸುವವರು ಕೂಡ ಅವರೇ.

ಸೂರ್ಯ ಹುಟ್ಟುವಷ್ಟರಲ್ಲಿ ಅಂಗಳ ಗುಡಿಸಿ, ಆರು ಪುಟ್ಟಿ ಎರೆ ಮಣ್ಣು ಜರಡಿ ಹಿಡಿದು, ಹದಿನಾಲ್ಕು ಕೊಡ ನೀರು ಹೊತ್ತು ತೊಟ್ಟಿ ತುಂಬಿಸಿದ್ದಾರೆ. ಬಸವನ ಬಾಗೇವಾಡಿಯ ಒಂದು ಶಾಲೆಯ ನಲವತ್ತು ಮಕ್ಕಳು ನಾಳೆ ಶಿಬಿರಕ್ಕೆ ಬರುತ್ತಾರೆ. "ಮಣ್ಣಾಗ ಹರಳ ಉಳಿದ್ರ ಹುಡುಗೂರ ಕೈ ಕೊಯ್ಯತೈತ್ರಿ," ಎನ್ನುತ್ತಾ ಸೋಸಿದ ಮಣ್ಣಿನಲ್ಲಿ ಮತ್ತೊಮ್ಮೆ ಬೆರಳಾಡಿಸುತ್ತಾರೆ.

ಆರೂವರೆಗೆ ಹಾಲಿನ ಪಕ್ಕದ ಬಾಗಿಲ ಚಿಲಕ ತೆಗೆದು ಒಳಗೆ ಕಾಲಿಟ್ಟವರು ಅಲ್ಲೇ ನಿಲ್ಲುತ್ತಾರೆ.

ಹಾಲಿನ ನಡುವೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ನೆಲವೊಂದಿದೆ. ತಾಂಬಾದ ಹೊಲದಿಂದ ತಂದ ಎರೆ ಮಣ್ಣನ್ನು ಹರಡಿ, ನೀರು ಕುಡಿಸಿ, ನಲವತ್ತು ದಿನ ಒಣಗಲು ಬಿಟ್ಟು, ತಾನಾಗಿಯೇ ಬಿರಿಯುವಂತೆ ಮಾಡಿದ ಕಲಾಕೃತಿ ಅದು. ಮಾಡಿದವರು ತಾಂಬಾದವರೇ ಆದ ಯುವ ಕಲಾವಿದೆ ಸಂಘಮಿತ್ರಾ. ಎರೆ ನೆಲ ತನ್ನ ನಕಾಶೆಯನ್ನು ತಾನೇ ಬರೆದುಕೊಳ್ಳುತ್ತದೆ, ಅದನ್ನು ಕಾಯುವುದಷ್ಟೇ ತನ್ನ ಕೆಲಸ ಎನ್ನುವುದು ಅವರ ಮಾತು. ಈ ನಲವತ್ತು ದಿನವೂ ಹುಲಿಗೆವ್ವ ಆ ನೆಲಕ್ಕೆ ಒಂದು ಇರುವೆ ಹತ್ತದಂತೆ, ಒಂದು ಬೆಕ್ಕು ನುಸುಳದಂತೆ ನೋಡಿಕೊಂಡಿದ್ದಾರೆ. ಸಂಜೆ ನಾಲ್ಕಕ್ಕೆ ಪ್ರದರ್ಶನದ ಉದ್ಘಾಟನೆ.

ಈಗ ಆ ನೆಲದ ಅರ್ಧ ಭಾಗದಲ್ಲಿ ಒಂದೂ ಬಿರುಕಿಲ್ಲ. ಯಾರೋ ಮಣ್ಣು ಮೆತ್ತಿ ಸಂದುಗಳನ್ನು ಮುಚ್ಚಿ, ಸಗಣಿ ನೀರಿನಿಂದ ನುಣ್ಣಗೆ ಸಾರಿಸಿದ್ದಾರೆ. ಕಮಾನಿನ ಮೇಲೆ ಕಮಾನಾಗಿ ಕೈಯ ಗೆರೆಗಳು ಇನ್ನೂ ಹಸಿಯಾಗಿ ಹೊಳೆಯುತ್ತಿವೆ. ಹುಲಿಗೆವ್ವ ಕುಕ್ಕರಗಾಲಿನಲ್ಲಿ ಕುಳಿತು ಆ ಗೆರೆಗಳನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ನೆಲುವಿನ ಮೇಲಿನ ಗಂಟು ನೆನಪಾದವರಂತೆ ಒಮ್ಮೆ ತಮ್ಮ ಕೋಣೆಯ ಕಡೆ ತಿರುಗುತ್ತಾರೆ. ಬಾಯಿ ಮಾತ್ರ ಬಿಡುವುದಿಲ್ಲ.

ಬಾಯಿ ಬಿಡುವವರು ಕೇಂದ್ರದ ಕಾರ್ಯದರ್ಶಿ, ನಿವೃತ್ತ ಡ್ರಾಯಿಂಗ್ ಮಾಸ್ತರ ಬಸಂತರಾಯರು.

"ಹುಲಿಗೆವ್ವಾ! ಇದೇನ ಮಾಡೀದಿ?"

"ನಾ ಮಾಡಿಲ್ರಿ ಮಾಸ್ತರ್ರ."

"ಮತ್ಯಾರು? ರಸೂಲಸಾಬ ಬಂದು ಸಾರಿಸ್ಯಾನ? ಈ ಕಂಪೌಂಡಿನಾಗ ಸಾರಸಾಕ ಬರೂದು ನಿನಗೊಬ್ಬಾಕಿಗೆ."

"ನನ್ನ ಹೆಸರ್ಯಾಕ ತರ್ತೀರಿ ಸಾಹೇಬ್ರ?" ಬಾಗಿಲಲ್ಲಿ ನಿಂತ ರಸೂಲಸಾಬರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾರೆ. "ಬಿರುಕು ನೋಡಾಕ ಇಲ್ಲೀತನಾ ಯಾಕ ಬರಬೇಕು, ನಮ್ಮ ಹೊಲದಾಗ ಪುಕ್ಕಟೆ ಐತಿ ಅಂತ ಅಂದಿದ್ದೆ, ಖರೆ. ಆದ್ರ ಮುಚ್ಚಾಕ ಹೋಗಿಲ್ಲ."

"ನೀ ನಿದ್ದಿ ಹೊಡದಿ, ಅದನ್ನ ಹೇಳು."

"ಕಣ್ಣು ಮುಚ್ಚಿದ್ದೆ. ಕಿವಿ ತೆರೆದಿದ್ವುರಿ."

ಮಾತಿನ ಕೊನೆಗೆ ಬಸಂತರಾಯರ ದನಿ ತಗ್ಗುತ್ತದೆ. ಪ್ರದರ್ಶನದ ನಂತರ ಟ್ರಸ್ಟಿನ ಸಭೆಯಿದೆ. ಸ್ವಚ್ಛತೆಯ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡಬೇಕೆಂಬ ವಿಷಯ ಅಲ್ಲಿಯ ಚರ್ಚೆಯ ಪಟ್ಟಿಯಲ್ಲಿ ಮೊದಲೇ ಇದೆ. "ಇವತ್ತ ನಿಂದ ಹೆಸರ ಬರ್ತೈತಿ ಹುಲಿಗೆವ್ವ. ಯಾರು ಮಾಡ್ಯಾರ ಅಂತ ಗೊತ್ತಿದ್ರ ಈಗ ಹೇಳಿಬಿಡು. ಆಮ್ಯಾಲ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಕೆಲಸ ಹೋದರೆ ಹಿಂದಿನ ಕೋಣೆಯೂ ಹೋಗುತ್ತದೆ. ಹುಲಿಗೆವ್ವ ತಲೆ ತಗ್ಗಿಸಿ ಪೊರಕೆ ಎತ್ತಿಕೊಳ್ಳುತ್ತಾರೆ.

ಅವರು ದೇವರ ಹಿಪ್ಪರಗಿಯ ಹೆಣ್ಣುಮಗಳು. ಗಂಡ ಮಲ್ಲಣ್ಣ ಗೋಡೆ ಕಟ್ಟುವ ಗೌಂಡಿ. ಈ ಫ್ಯಾಕ್ಟರಿಯನ್ನು ಕಲಾಕೇಂದ್ರವಾಗಿಸುವಾಗ ಆತ ಗೋಡೆಗಳಿಗೆ ಗಿಲಾಯ ಮೆತ್ತಿದರೆ, ಈಕೆ ಗಚ್ಚು ಹೊತ್ತರು. ಕೊನೆಯ ಗೋಡೆಗೆ ಸುಣ್ಣ ಬಳಿದ ತಿಂಗಳೇ ಮಲ್ಲಣ್ಣ ಕಾಮಾಲೆಯಿಂದ ತೀರಿಕೊಂಡರು. ಮೊದಲ ಪ್ರದರ್ಶನದ ದಿನ ಚಿತ್ರಗಳೆಲ್ಲ ವಾರೆಯಾಗಿ ತೂಗಿದ್ದನ್ನು ಕಂಡು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಗಂಡ ಗೋಡೆಯ ಮಟ್ಟ ನೋಡುತ್ತಿದ್ದ ರೀತಿಯಲ್ಲೇ ಒಂದೊಂದನ್ನೂ ನೆಟ್ಟಗೆ ಮಾಡಿದರು. ಅಂದಿನಿಂದ ಇಲ್ಲೇ ಉಳಿದರು. ಒಂಬತ್ತು ವರ್ಷ, ಐವತ್ನಾಲ್ಕು ಪ್ರದರ್ಶನ, ಇಲ್ಲೇ ಉಳಿದು ಕೆಲಸ ಮಾಡಿಹೋದ ಮೂವತ್ತೊಂದು ಮಂದಿ ಕಲಾವಿದರು. ಪ್ರತಿ ಕೃತಿಯ ಪಕ್ಕದಲ್ಲಿ ಕಲಾವಿದರ ಹೆಸರಿನ ಕಾರ್ಡು ಅಂಟಿಸುವುದೂ ಅವರ ಪಾಲಿನದು. ಈವರೆಗೆ ಮೂರು ಸಾವಿರಕ್ಕೂ ಮೇಲೆ. ಶಾಲೆಯ ಮೆಟ್ಟಿಲು ಹತ್ತದ ಹುಲಿಗೆವ್ವ ಓದಲು ಕಲಿತದ್ದೇ ಆ ಕಾರ್ಡುಗಳಿಂದ. ಮೊದಲು ಹೆಸರುಗಳು, ಆಮೇಲೆ ಊರುಗಳು.

ಎರಡನೆಯ ವರ್ಷ ಚೌಕಟ್ಟಿನ ಗಾಜು ಒಡೆದು ಅಂಗೈಗೆ ಏಳು ಹೊಲಿಗೆ ಬಿದ್ದವು. ಗುರುತು ಇನ್ನೂ ಇದೆ. "ಚಿತ್ರಕ್ಕ ಒಂದ ಹನಿ ರಕ್ತ ತಾಗಸಲಿಲ್ರಿ. ಸೆರಗಿನಾಗ ಹಿಡದೆ," ಎಂದು ಅಂಗೈ ಚಾಚಿ ತೋರಿಸುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಕಾಣುತ್ತದೆ.

ಹತ್ತು ಗಂಟೆಗೆ ಬಸಂತರಾಯರಿಗೆ ಹಸಿವು. ಮನೆಯಿಂದ ಡಬ್ಬಿ ಬಂದಿಲ್ಲ. ಹುಲಿಗೆವ್ವ ನೆಲುವಿನಿಂದ ಗಂಟಿಳಿಸಿ, ಎರಡು ರೊಟ್ಟಿಯ ಮೇಲೆ ಹಿಂಡಿ, ಮೊಸರು ಹಾಕಿ ಅವರ ಮುಂದಿಡುತ್ತಾರೆ. ರಸೂಲಸಾಬರಿಗೊಂದು, ತಮಗೊಂದು.

"ಏನ ಕೈ ಅದ ಮಾರಾಯ್ತಿ!" ಮಾಸ್ತರರು ಸಿಟ್ಟನ್ನೂ ಮರೆತು ಚಪ್ಪರಿಸುತ್ತಾರೆ. "ಇಷ್ಟ ತೆಳ್ಳಗ ನೀ ಬಡಿಯೂದಿಲ್ಲ. ಯಾರ ಮನಿದು?"

"ಯಾರೋ ಕೊಟ್ಟು ಹೋದ್ರು. ತಿನ್ರಿ."

ಈ ಸೀಮೆಯಲ್ಲಿ ಒಬ್ಬರ ಮನೆಯ ಪಾತ್ರೆಯನ್ನು ಕಡ ಒಯ್ದವರು ಅದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಹಿಡಿ ಕಾಳಾದರೂ ಸರಿ, ಒಂದು ರೊಟ್ಟಿಯಾದರೂ ಸರಿ, ಒಳಗಿಟ್ಟು ಕೊಡಬೇಕು. ಕೊಟ್ಟದ್ದನ್ನು ಮನೆಯವರಿಗೆ ತಿಳಿಸಲೂಬೇಕು. ಬಾಗಿಲ ಮೇಲಿನ ಎರಡು ಪೆಟ್ಟಿನ ಅರ್ಥ ಅಷ್ಟೇ. ಬಕೆಟ್ ಒಯ್ದವರು ಯಾರೆಂದು ಹೇಳಬಲ್ಲ ಒಂದು ಸಾಕ್ಷಿಯನ್ನು ಹತ್ತೂಕಾಲರ ಹೊತ್ತಿಗೆ ಮೂವರೂ ಕೂಡಿ ತಿಂದು ಮುಗಿಸುತ್ತಾರೆ.

ಹಿಂದಿನ ಸಂಜೆ ಕೇಂದ್ರಕ್ಕೆ ಬಂದು ಹೋದವರು ಹತ್ತಾರು ಜನ. ಬಸಂತರಾಯರು, "ಅತಿಥಿಗಳು ಬರ್ತಾರ, ಇದನ್ನೊಂಚೂರು ಚೊಕ್ಕ ಮಾಡೂದು ಛಲೋ ಅಲ್ಲೇನು?" ಎಂದು ಗೊಣಗಿದ್ದರು. ಮುದ್ದೇಬಿಹಾಳದಿಂದ ಬಂದ ಮಾಸ್ತರರಿಬ್ಬರು ಬಿರುಕಿಗೆ ಬೆರಳು ತೂರಿಸಿ ಆಳ ನೋಡಿದ್ದರು. ಸಂಘಮಿತ್ರಾರ ತಾಯಿ ಯಶೋಧಾ ತಾಂಬಾದಿಂದ ಮಗಳಿಗೊಂದು, ತಮ್ಮ ದಾರಿಗೊಂದು ಬುತ್ತಿ ತಂದಿದ್ದರು. ಚಿಕ್ಕಂದಿನಲ್ಲಿ ಇದೇ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿ ಆಯ್ದವರು ಅವರು. ಆ ಕಾಲದಲ್ಲಿ ಅವರ ಕೇರಿಯವರನ್ನು ಹಾಲಿನೊಳಗೆ ಬಿಡುತ್ತಿರಲಿಲ್ಲ. "ಒಳಗ ಬರ್ರಿ ಯಕ್ಕಾ," ಎಂದು ಹುಲಿಗೆವ್ವ ಮೂರು ಸಲ ಕರೆದರೂ, "ಇಲ್ಲೇ ಗಾಳಿ ಛಲೋ ಐತ್ರಿ," ಎಂದು ಹೊಸ್ತಿಲಾಚೆಯೇ ನಿಂತು ನೆಲವನ್ನು ನೋಡಿದ್ದರು. ಎಡಗೈಯಲ್ಲಿ ಚಾಚಿದ ಬುತ್ತಿಯನ್ನು ಥಟ್ಟನೆ ಬಲಗೈಗೆ ಬದಲಿಸಿ ಮಗಳಿಗೆ ಕೊಟ್ಟು, ಕೊನೆಯ ಬಸ್ಸಿಗೆಂದು ಹೊರಟುಹೋಗಿದ್ದರು.

ಸಂಘಮಿತ್ರಾ ಬೆಳಗಿನಿಂದ ಅತ್ತಿಲ್ಲ, ಬೈದಿಲ್ಲ. ಅರ್ಧ ಬಿರಿದ, ಅರ್ಧ ನುಣ್ಣಗಿನ ನೆಲದ ಸುತ್ತ ಎಷ್ಟೋ ಸುತ್ತು ಹಾಕಿದ್ದಾರೆ. ಮಧ್ಯಾಹ್ನ ಎರಡಕ್ಕೆ ಹುಲಿಗೆವ್ವನ ಪಕ್ಕ ಬಂದು ಕೂಡುತ್ತಾರೆ.

"ಕಾಕೂ, ಇದು ಹಿಂಗ ಇರಲಿ. ನೋಡ್ತಾ ನೋಡ್ತಾ ನನಗ ಇದ ಛಲೋ ಕಾಣಾಕತ್ತೈತಿ. ಒಂದ ಕೆಲಸಾ ಮಾಡೋಣು. ಕಾರ್ಡಿನಾಗ ನಿಮ್ಮ ಹೆಸರ ಬರೀತೇನಿ, ಸಾರಣೆ ಹುಲಿಗೆವ್ವಂದು ಅಂತ. ನಾವಿಬ್ಬರೂ ಕೂಡೇ ಮಾಡೇವಿ ಅಂದ್ರ ಸಭಾದಾಗ ಯಾರೂ ಏನೂ ಅನ್ನಂಗಿಲ್ಲ."

ಮೂರು ಸಾವಿರ ಕಾರ್ಡುಗಳಲ್ಲಿ ಒಮ್ಮೆಯೂ ಬಾರದ ಹೆಸರು. ಅದರ ಜೊತೆಗೆ ಕೆಲಸ, ಕೋಣೆ, ಎಲ್ಲವೂ ಉಳಿಯುತ್ತವೆ. ಹುಲಿಗೆವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ.

"ಬ್ಯಾಡ ತಂಗಿ."

"ಯಾಕ?"

"ಮಂದಿ ಕೈಕೆಲಸಕ್ಕ ನನ್ನ ಹೆಸರ್ಯಾಕ? ನಾ ಬಲಗೈಲೆ ಸಾರಸಾಕಿ. ನನ್ನ ಕಮಾನ ಹಿಂಗ ಬಾಗತೈತಿ," ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಾರೆ. "ಇದು ಉಲ್ಟಾ ಬಾಗೈತಿ, ನೋಡು. ಒಬ್ಬೊಬ್ಬರ ಕೈ ಒಂದೊಂದು ನಮೂನಿ. ಸಾರಿಸಿದ ನೆಲಾ ನೋಡಿದ್ರ ಗೊತ್ತಾಗತೈತಿ."

"ಹಂಗಾರ ಯಾರಂತ ಗೊತ್ತೈತಿ ನಿಮಗ."

"ನಾಳೆ ನಾಲ್ಕು ಮಂದಿ ಬರ್ತಾರ, ನೆಲಾ ಒಡದೈತಿ ಅಂತ ತಳಮಳ ಆದಾಕಿ. ಯಾರಾರ ಇರಲಿ. ಒಮ್ಮೆ ಈ ಹಾಲಿನೊಳಗ ಕಾಲಿಟ್ಟಾಳ. ಕಳ್ಳಿ ಅನಿಸಿಕೊಂಡು ಹೊರಗ ಹೋಗೂದು ಬ್ಯಾಡ. ಅದಕ್ಕ ಹೇಳೂದಿಲ್ಲ. ಮಾಸ್ತರ್ರು ಕೆಲಸಾ ತಗದ್ರ ತಗೀಲಿ."

ಸಂಘಮಿತ್ರಾ ಮಂಡಿಯೂರಿ ನೆಲಕ್ಕೆ ಬಾಗುತ್ತಾರೆ. ಚಿತ್ರ ಬರೆಯುವ ತಮ್ಮ ಎಡಗೈಯನ್ನು ಕೊನೆಯ ಕಮಾನಿನ ಮೇಲೆ ಮೆಲ್ಲಗೆ ಇಡುತ್ತಾರೆ. ಬೆರಳಿಗೆ ಬೆರಳು ಕೂಡುತ್ತದೆ. ಹೆಬ್ಬೆರಳು ಎಲ್ಲಿ ಒತ್ತಬೇಕೋ ಅಲ್ಲೇ ಒತ್ತುತ್ತದೆ. ಆಮೇಲೆ ಫೋನು ಹಿಡಿದು ಬೇವಿನ ಮರದ ಕೆಳಗೆ ಹೋಗುತ್ತಾರೆ. ಹತ್ತು ನಿಮಿಷದ ನಂತರ ಬಂದವರ ಕಣ್ಣು ಒದ್ದೆ, ತುಟಿಯಲ್ಲಿ ನಗು. "ಕಡೀ ಬಸ್ಸು ತಪ್ಪಿತ್ತಂತ, ಕಾಕೂ," ಎಂದಷ್ಟೇ ಹೇಳಿ ಕಾರ್ಡು, ಪೆನ್ನು ಎತ್ತಿಕೊಳ್ಳುತ್ತಾರೆ.

ಬಸಂತರಾಯರು ಆ ಕಾರ್ಡನ್ನು ಎರಡು ಸಲ ಓದುತ್ತಾರೆ. ಬೆಳಗಿನ ರೊಟ್ಟಿ ನೆನಪಾಗಿರಬೇಕು, ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಸಭಾದಾಗ ಏನಂತ ಹೇಳ್ಲಿ?"

"ಕೆಲಸಾ ಪೂರ್ತಿ ಆತು ಅಂತ ಹೇಳ್ರಿ ಸರ್. ಹುಲಿಗೆವ್ವ ಕಾಕು ಇಲ್ಲದಿದ್ರ ಆಗ್ತಿರಲಿಲ್ಲ ಅಂತನೂ ಹೇಳ್ರಿ."

"ಏಜೆನ್ಸಿಯವರಿಗೆ ಕೈ ಗುರುತು ಹಿಡಿಯಾಕ ಬರಂಗಿಲ್ಲ. ಅದನ್ನೂ ಹೇಳ್ತೇನಿ," ಎನ್ನುತ್ತಾರೆ ಮಾಸ್ತರರು. ತಪ್ಪಾಯಿತೆಂದು ಹುಲಿಗೆವ್ವನ ಮುಖ ನೋಡಿ ಹೇಳುವ ಧೈರ್ಯ ಅವರಿಗಿಲ್ಲ. ಅದರ ಬದಲು, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಬಾಗಿ, ಕಾರ್ಡಿಗೆಂದು ಹುಲಿಗೆವ್ವ ಮಟ್ಟ ನೋಡುತ್ತಿದ್ದ ನೀರಿನ ಪೈಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದು ಗೋಡೆಗೆ ಆನಿಸುತ್ತಾರೆ.

"ಒಂದ ನೂಲು ಮ್ಯಾಲ ಮಾಡ್ರಿ, ಮಾಸ್ತರ್ರ."

"ಹಿಂಗ?"

"ಹಾಂ. ಅಲ್ಲೇ ಹಿಡೀರಿ. ಅಳ್ಳಾಡಬ್ಯಾಡ್ರಿ."

ನಾಲ್ಕಕ್ಕೆ ಐದು ನಿಮಿಷ. ಗೇಟಿನಲ್ಲಿ ಜನ ಕೂಡುತ್ತಿದ್ದಾರೆ. ಇನ್ನೇನು ಬೇಕು ಎಂದು ಮಾಸ್ತರರು ಕೇಳಿದರೆ ಹುಲಿಗೆವ್ವ ನೆಲದ ಕಡೆ ನೋಡುತ್ತಾರೆ. ಸಾರಿಸಿದ ಅರ್ಧದಲ್ಲೂ ಕೂದಲೆಳೆಯಂಥ ಮೊದಲ ಬಿರುಕು ಆಗಲೇ ಮೂಡಿದೆ. "ಆಕಿ ಒಮ್ಮೆ ಹಗಲಹೊತ್ತಿನ್ಯಾಗ ಬರಲ್ರಿ, ಮುಂದಿನ ಬಾಗಲಲೆ. ಇಬ್ಬರೂ ಕೂತು ನೋಡ್ತೇವಿ. ಬಕೀಟ ಮಾತ್ರ ಆವತ್ತು ಒಳಗಿಟ್ಟಿರ್ತೇನಿ," ಎಂದು ನಗುತ್ತಾ, ಕಾರ್ಡಿನ ನಾಲ್ಕೂ ಮೂಲೆಗಳನ್ನು ಹೊಲಿಗೆಯ ಗುರುತಿನ ಅಂಗೈಯಿಂದ ಗೋಡೆಗೆ ಒತ್ತುತ್ತಾರೆ. ಒತ್ತಿದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ, ಕೊನೆಯ ಸಾಲನ್ನು ಗಟ್ಟಿಯಾಗಿ ಓದುತ್ತಾರೆ:

"ಸಾರಣೆ: ಯಶೋಧಾ, ತಾಂಬಾ."