ಒಂದರಿಂದ ನಾಲ್ಕರವರೆಗೆ

ಯಾವ ಮನೆಗೆ ಯಾವ ತಾಸಿನಲ್ಲಿ ಎಷ್ಟು ಕರೆಂಟು ಬೇಕು ಎಂದು ಅಂದಾಜು ಮಾಡುವುದು ನನ್ನ ಕೆಲಸ. ಆ ಮನೆಯೊಳಗೆ ಕಾಲಿಡಬೇಕಾಗಿಲ್ಲ. ಎಷ್ಟು ಜನ, ಯಾರು ಕೆಲಸಕ್ಕೆ ಹೋಗುತ್ತಾರೆ, ಯಾರು ಮನೆಯಲ್ಲಿರುತ್ತಾರೆ, ಇಷ್ಟು ಹೇಳಿದರೆ ಸಾಕು. ಉಳಿದದ್ದಕ್ಕೆ ನಮ್ಮಲ್ಲಿ ಮಾದರಿ ದಿನಚರಿಗಳಿವೆ: ಆರಕ್ಕೆ ಗೀಸರ್, ಏಳಕ್ಕೆ ಮಿಕ್ಸರ್, ಹತ್ತಕ್ಕೆ ವಾಷಿಂಗ್ ಮಶೀನು, ಮಧ್ಯಾಹ್ನ ಮನೆಯಲ್ಲಿ ಹೆಂಗಸರಿದ್ದರೆ ಫ್ಯಾನು, ಟಿವಿ. ನಾನಿರುವ ಪಿಂಪ್ರಿ-ಚಿಂಚವಾಡದ ಯಾವ ಕಾಲನಿಯದನ್ನು ಕೇಳಿದರೂ ಕೂತಲ್ಲೇ ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದೆ.

ಈ ಬೇಸಿಗೆಯಲ್ಲಿ ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿಯವರು ಮಾಳಿಗೆಯ ಮೇಲೆ ಸೋಲಾರ್ ಹಾಕಿಸಲು ಹೊರಟರು. ಮನೆಮನೆಯ ಹಗಲಿನ ಬಳಕೆಯ ಲೆಕ್ಕ ಹಾಕುವ ಕೆಲಸ ನನ್ನ ಹೆಗಲಿಗೆ ಬಿತ್ತು. ಮೊದಲು ನನ್ನದೇ ಮನೆಯ ಹಾಳೆ ತುಂಬಲು ಕೂತೆ. ಮನೆಯಲ್ಲಿರುವವರು ಎಷ್ಟು ಎಂಬಲ್ಲಿ 'ಇಬ್ಬರು' ಎಂದು ಬರೆದೆ. ಅದು ಸುಳ್ಳು. ದೀಪಾವಳಿಗೆಂದು ಧಾರವಾಡಕ್ಕೆ, ಅಕ್ಕನ ಮನೆಗೆ ಹೋದ ನನ್ನ ಹೆಂಡತಿ ತಿರುಗಿ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ. ಅಕ್ಕನಿಗೆ ಹುಷಾರಿಲ್ಲ ಎಂದು ನೆರೆಯವರಿಗೆ ಹೇಳುತ್ತಾ ಬಂದಿದ್ದೆ. 'ಒಬ್ಬ' ಎಂದು ಬರೆಯಲು ನನಗೆ ಭಯ. ಬರೆದರೆ ಅದೇ ಖಾಯಂ ಆಗಿಬಿಡುತ್ತದೆ ಅನಿಸಿತು.

ಇಬ್ಬರ ಲೆಕ್ಕ ಕೊಡಬೇಕೆಂದು ಮೊಬೈಲಿನಲ್ಲಿ ಹೋದ ಬೇಸಿಗೆಯ ಮೀಟರ್ ದಾಖಲೆ ತೆಗೆದೆ. ಹೊಸ ಮೀಟರು ತಾಸು ತಾಸಿನದನ್ನೂ ಇಟ್ಟುಕೊಂಡಿರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನೋಡಿದರೆ ಫ್ರಿಜ್ ಒಂದು ಬಿಟ್ಟು ಏನೂ ಓಡಿಲ್ಲ. ಏಪ್ರಿಲ್ ತಿಂಗಳಿನ ಧಗೆಯಲ್ಲಿ, ಅವಳು ಮನೆಯಲ್ಲಿದ್ದಾಗ! ಮೀಟರ್ ಕೆಟ್ಟಿದೆ ಎಂದುಕೊಂಡು ದೂರು ಬರೆಯಲೂ ಶುರುಮಾಡಿದೆ. ಆಮೇಲೆ ಕಣ್ಣಿಗೆ ಬಿತ್ತು, ನಾನು ಮನೆಯಲ್ಲಿರುತ್ತಿದ್ದ ಭಾನುವಾರಗಳಲ್ಲಿ ಮಾತ್ರ ಫ್ಯಾನು, ಟಿವಿ ಎಲ್ಲ ಸರಿಯಾಗಿವೆ. ವಾರಕ್ಕೊಂದು ದಿನ ಮಾತ್ರ ಸರಿಯಾಗುವ ಮೀಟರನ್ನು ನಾನು ಕಂಡಿಲ್ಲ.

ಅಂದು ಭಾನುವಾರ, ಮಧ್ಯಾಹ್ನದ ಹೊತ್ತು. ಅವಳಿಗೆ ಫೋನ್ ಮಾಡಿದೆ.

"ಹೋದ ವರ್ಷ ಮಧ್ಯಾಹ್ನ ನೀ ಫ್ಯಾನ್ ಹಚ್ಚತಿದ್ದಿಲ್ಲೇನು?"

"ಇಷ್ಟ ತಿಂಗಳ ಮ್ಯಾಲೆ ಫೋನ್ ಮಾಡಿ ಇದನ್ನ ಕೇಳ್ತೀರೇನ್ರಿ?"

"ಸೊಸೈಟಿಗೆ ಲೆಕ್ಕ ಕೊಡಬೇಕಾಗ್ಯದ."

"ನಾ ಮನ್ಯಾಗ ಇರ್ತಿದ್ದಿಲ್ರಿ. ಊಟಾ ಮಾಡಿ, ಕೀಲಿ ಹಾಕಿ ಕೆಳಗ ಹೋಗ್ತಿದ್ದೆ. ನೀರಿನ ಟಾಕಿ ಹತ್ರ ಬೆಂಚ್ ಅದ ಅಲ್ಲಾ, ಅಲ್ಲೆ ಕೂಡ್ತಿದ್ದೆ."

"ಆ ಬಿಸಲಾಗ?"

"ಬೇವಿನ ಗಿಡದ ನೆರಳ ಇರ್ತಿತ್ತು. ವಾಚ್‌ಮನ್ ಇರ್ತಿದ್ದ, ಇಸ್ತ್ರಿ ಮಾಡಾಕಿ ಇರ್ತಿದ್ಲು. ಮನ್ಯಾಗ ಒಬ್ಬಾಕಿನ ಕೂತ್ರ ಎದಿ ಡವಡವ ಅಂತಿತ್ತು."

"ನನಗ್ಯಾಕ ಹೇಳಲಿಲ್ಲ?"

"ನೀವು ಒಂಬತ್ತಕ್ಕ ಬಂದು ಟಿವಿ ಹಚ್ಚಿ ಕೂತ್ರ ಯಾವಾಗ ಹೇಳ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನನಗೆ ತುಂಬ ನಾಚಿಕೆಯಾಯಿತು. ವಾಚ್‌ಮನ್‌ಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ನಾನೂ ಎಷ್ಟೋ ಭಾನುವಾರ ಮನೆಯಲ್ಲಿ ಕೂರಲಾಗದೆ ಲೋಕಲ್ ರೈಲು ಹತ್ತಿ, ಲೋಣಾವಳಾಕ್ಕೆ ಹೋಗಿ, ಸ್ಟೇಷನ್ನಿನಿಂದ ಹೊರಗೂ ಬೀಳದೆ ಮುಂದಿನ ಗಾಡಿಗೆ ವಾಪಸಾಗಿದ್ದೇನೆ. ಅವಳ ಎದೆ ಡವಡವ ಎಂದದ್ದು ಹೇಗೆಂದು ಈಗ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

"ಬಂದುಬಿಡು," ಅಂದೆ. "ಇನ್ನ ಮ್ಯಾಲೆ ಲಗೂ ಬರ್ತೇನಿ ಮನಿಗೆ."

"ಎಷ್ಟಕ್ಕ ಬರ್ತೀರಿ?"

ಆಫೀಸು ಬಿಡುವುದು, ರಸ್ತೆಯ ಗದ್ದಲ, ವಾರದ ಮೀಟಿಂಗು, ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿಸತೊಡಗಿದೆ. "ಸುಮಾರು..."

"ಅಂದಾಜು ಹೇಳಬ್ಯಾಡ್ರಿ," ಅಂದಳು.

ನಾನು ಇನ್ನೂ ಕೂಡಿಸುತ್ತಲೇ ಇದ್ದೆ. ಅವಳು ಫೋನ್ ಇಟ್ಟಳು.

ಹಾಳೆ ಇನ್ನೂ ಮೇಜಿನ ಮೇಲೆ ಇತ್ತು. 'ಇಬ್ಬರು' ಎಂಬುದನ್ನು ಹೊಡೆದುಹಾಕಿ 'ಒಬ್ಬ' ಎಂದು ಬರೆದೆ.