ಕಾರಿನಡಿಯ ರಟ್ಟು

ಎಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಒಬ್ಬರು ಡ್ರೈವರ್ ಇದ್ದರು. ಸಂಜೆ ಕಾರು ನಿಲ್ಲಿಸಿದ ಮೇಲೆ ಅದರಡಿಗೆ ಪ್ಯಾಕಿಂಗ್ ಪೆಟ್ಟಿಗೆಯ ರಟ್ಟು ಹಾಸಿ ಹೋಗುತ್ತಿದ್ದರು. ಬೆಳಿಗ್ಗೆ ಬಂದವರೇ ಕುಕ್ಕರುಗಾಲಿನಲ್ಲಿ ಕೂತು, ಅದರ ಮೇಲೆ ಬಿದ್ದ ಹನಿಗಳನ್ನು ಬೆರಳಲ್ಲಿ ಮುಟ್ಟಿ ಮೂಸಿ ನೋಡುತ್ತಿದ್ದರು. “ಗಾಡಿ ಮೊದ್ಲೇ ಹೇಳುತ್ತೆ ಸಾರ್, ನಾವು ಕೇಳಿಸ್ಕೋಬೇಕು” ಎನ್ನುವುದು ಅವರ ಮಾತು. ಗಾಡಿಗಳ ಉಸ್ತುವಾರಿ ನನ್ನದು. “ಏನ್ರೀ, ಇವತ್ತಿನ ಭವಿಷ್ಯ ಏನಂತೆ?” ಎಂದು ರೇಗಿಸುತ್ತಿದ್ದೆ, ಅವರು ನಗುತ್ತಿದ್ದರು.

ಒಂದು ಬೆಳಿಗ್ಗೆ ಅವರು ನಗಲಿಲ್ಲ. ರಟ್ಟನ್ನು ನನ್ನ ಮೇಜಿನ ಮೇಲೇ ತಂದಿಟ್ಟು, ಹಿಂದಿನ ಚಕ್ರದ ಕೆಳಗೆ ಬಿದ್ದಿದ್ದ ಕಲೆ ತೋರಿಸಿದರು.

“ಬ್ರೇಕ್ ಆಯಿಲ್ ಸಾರ್. ಪೆಡಲ್ಲೂ ಪೂರ್ತಿ ಕೆಳಗೆ ಹೋಗ್ತಿದೆ. ಇವತ್ತು ಗಾಡಿ ಬೇಡ.”

“ಸಾಹೇಬ್ರ ಗೆಸ್ಟು ಸ್ಟೇಷನ್ನಲ್ಲಿ ಕಾಯ್ತಿದಾರೆ ಕಣ್ರೀ. ನಿಧಾನಕ್ಕೆ ಹೋಗ್ಬನ್ನಿ, ನಾಳೆ ಮಾಡಿಸೋಣ.”

ಅವರು ಹೋದರು. ತುಮಕೂರು ರಸ್ತೆಯಲ್ಲಿ ಬ್ರೇಕ್ ಹಿಡಿಯಲಿಲ್ಲ. ರಸ್ತೆ ದಾಟುತ್ತಿದ್ದ ಹೆಂಗಸರನ್ನು ಉಳಿಸಲು ಕಾರನ್ನು ಕಲ್ಲುಗೋಡೆಗೆ ಗುದ್ದಿಸಿದರು. ಆಸ್ಪತ್ರೆಯಲ್ಲಿ ಅವರ ಬಲಗಾಲು ತೆಗೆದರು.

ಸುದ್ದಿ ಬಂದ ಕೂಡಲೇ ನಾನು ಆಸ್ಪತ್ರೆಗೆ ಓಡಲಿಲ್ಲ. ಆ ರಟ್ಟನ್ನು ಕ್ಯಾಂಟೀನಿನ ಒಲೆಗೆ ಹಾಕಿದೆ. ವಿಚಾರಣೆಯಲ್ಲಿ, ಬ್ರೇಕ್ ವಿಷಯ ನನಗೆ ತಿಳಿಸಿಯೇ ಇರಲಿಲ್ಲ ಎಂದೆ.

“ಹೇಳಿದ್ದೆ ಸಾರ್. ರಟ್ಟು ತಂದು ಇವರ ಟೇಬಲ್ ಮೇಲೇ ಇಟ್ಟಿದ್ದೆ” ಎಂದರು ಅವರು, ಊರುಗೋಲಿನ ಮೇಲೆ ನಿಂತು.

“ಎಲ್ರೀ ಆ ರಟ್ಟು?” ಎಂದರು ಮ್ಯಾನೇಜರ್.

ಡ್ರೈವರ್ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. “ಹೇಳಿ ಸಾರ್” ಎಂದರು.

ನಾನು ಬಾಯಿ ಬಿಡಲಿಲ್ಲ. ಅಜಾಗರೂಕತೆಯೆಂದು ಬರೆದು ಅವರನ್ನು ಕೆಲಸದಿಂದ ತೆಗೆದರು.

ಇವತ್ತು ಹೇಳುತ್ತಿದ್ದೇನೆ. ಕೇಳಿಸಿಕೊಳ್ಳಲು ಅವರಿಲ್ಲ.